ಹೊರಗಿನ ಚಿಲಕ

ಬಾಗಿಲುಗಳ ಹಸಿರು ಬಣ್ಣ ಇನ್ನೂ ಒಣಗಿಲ್ಲ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಮಂತ್ರಿಗಳು ಮುಟ್ಟದಿದ್ದರೆ ಸಾಕು, ಮುಟ್ಟದೆ ಇರುತ್ತಾರೆಯೇ, ಬಿಳಿ ಮುಂಡು ಉಟ್ಟವರಿಗೆ ಹೊಸ ಬಣ್ಣ ಕಂಡರೆ ಕೈ ಸುಮ್ಮನಿರುವುದಿಲ್ಲ — ದಾಕ್ಷಾಯಣಿ ಬೆರಳನ್ನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಂಡಳು, ಕಡಲ ಗಾಳಿಯಲ್ಲಿ ಒಣಮೀನಿನ ವಾಸನೆಯೂ ಬಣ್ಣದ ವಾಸನೆಯೂ ಬೆರೆತು ಮೂಗಿಗೇರುತ್ತಿದೆ, ಫೋರ್ಟ್ ಕೊಚ್ಚಿಯ ಎಪ್ಪತ್ನಾಲ್ಕರ ಮಾರ್ಚು, ಉರಿಯುವ ಮಧ್ಯಾಹ್ನ, ಪೆಂಡಾಲಿನ ಕೆಳಗೆ ಖಾಲಿ ಕುರ್ಚಿಗಳು, ಮೇಜಿನ ಮೇಲೆ ರಿಬ್ಬನ್ ಕಟ್ಟಿದ ಬೀಗದ ಕೈಗಳ ತಟ್ಟೆ, ಆಚೆ ಎರಡು ಸಾಲಿನಲ್ಲಿ ಅವಳ ಮನೆಗಳು. ಅವಳ ಮನೆಗಳಂತೆ! ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ, ಮದುವೆಯ ತಂಟೆಗೆ ಅವಳು ಹೋಗಲಿಲ್ಲ, ಮನೆಗಳನ್ನೋ ಊರವರಿಗೆಲ್ಲ ಕಟ್ಟಿಸುತ್ತಿದ್ದಾಳೆ, ತನಗೆಂದು ಇರುವುದು ತಿರುವನಂತಪುರದ ಸರ್ಕಾರಿ ಕ್ವಾರ್ಟರ್ಸು, ಅದರ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಯಾರದೋ ಒಪ್ಪಿಗೆ ಬೇಕು. ಕಾಸರಗೋಡಿನ ಹೆಂಗಸು ಸೂರಿಲ್ಲದವರಿಗೆ ಸೂರು ಕೊಡುವ ನಿಗಮದ ಮುಖ್ಯಸ್ಥೆ, ಹೆಂಗಸಾದರೂ ಇಲ್ಲಿನ ಮಲಯಾಳಿಗಳ ಬಾಯಲ್ಲಿ ಅವಳು ಸಾರೇ, ಮೊದಮೊದಲು ನಗು ಬರುತ್ತಿತ್ತು, ಈಗ ಯಾರಾದರೂ ಅಮ್ಮಾ ಎಂದರೆ ಬೇರೆ ಯಾರನ್ನೋ ಕರೆದರೆಂದು ಹಿಂತಿರುಗಿ ನೋಡುತ್ತಾಳೆ.

ಎಲ್ಲ ಮನೆಗಳೂ ಬೆಳಿಗ್ಗೆಯೇ ತುಂಬಿದವು, ಪಾತ್ರೆ, ಚಾಪೆ, ಕೋಳಿ, ಯೇಸುವಿನ ಪಟ, ಎಲ್ಲವೂ ಒಳಗೆ ಹೋದವು — ಕೊನೆಯ ಮನೆಯೊಂದು ಬಿಟ್ಟು. ಅದರ ಮೆಟ್ಟಿಲ ಮೇಲೆ ಕೊಚ್ಚುತ್ರೇಸ್ಯ ಕೂತಿದ್ದಾಳೆ, ಸಿಗಡಿ ಸುಲಿಯುವ ಕೆಲಸದವಳು, ಗಂಡ ತೀರಿಕೊಂಡವಳು, ಬೆಳೆದ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಟ್ಟಾಂಚೇರಿಯ ಗೋದಾಮಿನ ಜಗಲಿಯಲ್ಲಿ ಸಂಸಾರ ಮಾಡಿದವಳು, ಮಂತ್ರಿಗಳು ಮೊದಲ ಬೀಗದ ಕೈ ಕೊಡಬೇಕಾದದ್ದೇ ಅವಳಿಗೆ. ಮೇಡಂ, ಅವಳು ಒಳಗೆ ಹೋಗುವುದೇ ಇಲ್ಲ ಅಂತ ಕೂತಿದ್ದಾಳೆ, ಎಂತ ಮಾಡುವುದು, ಎಂಜಿನಿಯರ್ ಉಪೇಂದ್ರ ಬಂದು ಕನ್ನಡದಲ್ಲಿ ಪಿಸುಗುಟ್ಟಿದ, ಪುತ್ತೂರಿನ ಕಡೆಯವ, ಗುಟ್ಟಿದ್ದರೆ ಮಾತ್ರ ಅವನಿಗೆ ಕನ್ನಡ ನೆನಪಾಗುತ್ತದೆ, ಪಟ್ಟಿಯಲ್ಲಿ ಮುಂದಿನ ಹೆಸರಿನವ ಪೆಟ್ಟಿಗೆ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದಾನೆ, ಕರೆಸಿಬಿಡುವುದಾ? ಕರೆಸಿಬಿಡಬಹುದು, ಇವತ್ತು ಒಳಗೆ ಹೋಗದವರ ಮನೆ ಮುಂದಿನವರಿಗೆ ಎಂದು ನಿಯಮ ಮಾಡಿದವಳೇ ಅವಳು. ನಾಳೆ ತಿರುವನಂತಪುರದಲ್ಲಿ ಹಣಕಾಸು ಇಲಾಖೆಯ ಹಯವದನರಾಯರ ಎದುರು ಕೂರಬೇಕು, ವಿಳಿಂಜಮಿನ ಮೀನುಗಾರರ ಮನೆಗಳಿಗೆ ಅವರು ಹೂಂ ಎನ್ನಬೇಕು, ಮೈಸೂರಿನ ಮನುಷ್ಯ, ಮಾತು ಬೆಣ್ಣೆ, ಕೈ ಮಾತ್ರ ಬಿಗಿ, ನೋಡೀಮ್ಮಾ, ಬೀದೀಲಿ ಮಲಗಿದವ್ರಿಗೆ ಗೋಡೆ ಕಂಡ್ರೆ ಉಸಿರು ಕಟ್ಟುತ್ತೆ, ನೀವು ಕೊಟ್ರೂ ಅವ್ರು ಇರೋಲ್ಲ, ಎಂದಿದ್ದರು. ಒಂದೇ ಒಂದು ಮನೆ ಖಾಲಿ ಉಳಿದರೂ ಆ ಮಾತಿಗೆ ಕೈಕಾಲು ಬರುತ್ತದೆ, ವಿಳಿಂಜಮಿನವರು ಇನ್ನೊಂದು ಮಳೆಗಾಲ ತಟ್ಟಿಯ ಕೆಳಗೆ ನೆನೆಯಬೇಕು. ಕರೆಸಿ ಎನ್ನಲು ಬಾಯಿ ತೆರೆದವಳು, ತಡೆಯಿರಿ, ನಾನೊಮ್ಮೆ ಕೇಳುತ್ತೇನೆ ಎಂದಳು.

ಚಪ್ಪಲಿಯೊಳಗೆ ಮರಳು ಸುಡುತ್ತದೆ, ಎರಡು ಸಾಲಿನ ನಡುವೆ ನಡೆಯುತ್ತಿದ್ದರೆ ಕಿಟಕಿಗಳಿಂದ ಕಣ್ಣುಗಳು, ಪ್ರತಿ ಬಾಗಿಲ ಮೇಲೂ ಹೊಸ ಚಿಲಕ ಬಿಸಿಲಿಗೆ ಮಿಂಚುತ್ತಿದೆ, ಚೆನ್ನಾಗಿ ಕಾಣುತ್ತದಲ್ಲ, ಫೋಟೋದಲ್ಲಿ ಬರಬೇಕು. ಅವಳು ಮೆಟ್ಟಿಲ ಮೇಲೆ ಕೊಚ್ಚುತ್ರೇಸ್ಯಳ ಪಕ್ಕದಲ್ಲೇ ಕೂತಳು, ಮಕ್ಕಳಿಬ್ಬರೂ ಎದ್ದು ನಿಂತರು, ಯಾಕಮ್ಮಾ, ಮನೆ ಬೇಡವಾ? ಬೇಡ ಅಂತ ಹೇಳಿದ್ದು ಯಾರು ಸಾರೇ, ಬೇಕು, ಇಂಥ ಮನೆ ಕನಸಲ್ಲೂ ಕಂಡವಳಲ್ಲ, ಆದರೆ ಗೋದಾಮಿನ ಜಗಲಿಯಲ್ಲಾದರೆ ಆಚೆ ಈಚೆ ಜನ ಇದ್ದರು, ಯಾವನಾದರೂ ಹತ್ತಿರ ಬಂದರೆ ಒಂದು ಕೂಗು ಹಾಕಿದರೆ ಎಲ್ಲ ತಲೆಗಳೂ ಏಳುತ್ತಿದ್ದವು, ಇಲ್ಲಿ ನೀವು ಗೋಡೆ ಕಟ್ಟಿದ್ದೀರಿ, ಒಳಗೆ ಏನೇ ಆದರೂ ಆಚೆಗೆ ಕೇಳಿಸುವುದಿಲ್ಲ, ಉಳಿದವರ ಮನೆಯಲ್ಲಿ ಗಂಡಸರಿದ್ದಾರೆ, ನನಗೆ ಯಾರು, ನೀವೇ ಬಾಗಿಲು ಹಾಕಿ ನೋಡಿ ಸಾರೇ. ದಾಕ್ಷಾಯಣಿ ಒಳಗೆ ಹೋಗಿ ಬಾಗಿಲು ಹಾಕಿದಳು. ಹೊಸ ಸುಣ್ಣದ ತಂಪು, ಕತ್ತಲೆ, ಕೈ ತಾನಾಗಿ ಬಾಗಿಲ ಮೇಲೆ ಚಿಲಕ ಹುಡುಕಿತು, ಮೇಲೆ ಸವರಿದಳು, ಕೆಳಗೆ ಸವರಿದಳು, ಬರೀ ಹಲಗೆ. ಹೊರಗಿನಿಂದ ಹೆಣ್ಣುಮಕ್ಕಳಲ್ಲಿ ಒಬ್ಬಳು ಒಂದು ಬೆರಳಿನಲ್ಲಿ ತಳ್ಳಿದಳು, ಬಾಗಿಲು ತೆರೆದುಕೊಂಡು ಬೆಳಕು ಮುಖಕ್ಕೆ ಬಡಿಯಿತು.

ಅಯ್ಯೋ, ಯಾರೂ ಇಲ್ಲ ಅಂದುಕೊಂಡೆ — ಅದು ವೆಂಕಟರಮಣ ಮಾವನ ದನಿ, ಎಲ್ಲಿತ್ತು ಇಷ್ಟು ವರ್ಷ, ಎರ್ನಾಕುಳಂ ಕಾಲೇಜಿಗೆ ಸೇರಿದಾಗ ಅವರ ಮನೆಯಲ್ಲಿ ಇದ್ದದ್ದು, ಅಮ್ಮನ ದೂರದ ತಮ್ಮ, ಬ್ಯಾಂಕಿನ ಕೆಲಸ, ಹಣೆಯಲ್ಲಿ ಗಂಧ, ಊರಿನ ಹುಡುಗಿಯನ್ನು ಇಟ್ಟುಕೊಂಡು ಓದಿಸುತ್ತಾರೆಂದು ಎಲ್ಲರೂ ಹೊಗಳುವವರೇ. ಆ ಮನೆಯ ಬಚ್ಚಲಿಗೆ ಚಿಲಕವಿರಲಿಲ್ಲ. ಮೀಯುವಾಗ ಅವಳು ದೇವರನಾಮ ಹಾಡುತ್ತಿದ್ದಳು, ಸ್ವರವೇ ಇಲ್ಲದ ಗಂಟಲು, ಅತ್ತೆ ನಗುತ್ತಿದ್ದರು, ನಮ್ಮ ದಾಕ್ಷಾಯಣಿಗೆ ಬಚ್ಚಲಿಗೆ ಹೋದರೆ ಭಕ್ತಿ ಬರುತ್ತದೆ. ಒಂದು ಸಲ ಕಣ್ಣಿಗೆ ಸೋಪು ಹೋಗಿ ಹಾಡು ನಿಂತಿತು, ಬಾಗಿಲು ತೆರೆಯಿತು, ಅಯ್ಯೋ, ಯಾರೂ ಇಲ್ಲ ಅಂದುಕೊಂಡೆ, ಎಂದರು, ಎಂದವರು ತಕ್ಷಣ ಹೋಗಲಿಲ್ಲ. ಮತ್ತೊಂದು ದಿನವೂ. ಆಮೇಲೆ ಬಾಯಿಗೆ ನೊರೆ ಹೋದರೂ ಹಾಡು ನಿಲ್ಲಿಸಲಿಲ್ಲ, ಯಾರಿಗೂ ಹೇಳಲಿಲ್ಲ, ಹೇಳುವುದಾದರೂ ಎಂತ, ಏನೂ ಆಗಲಿಲ್ಲವಲ್ಲ. ಈಗಲೂ ಕ್ವಾರ್ಟರ್ಸಿನಲ್ಲಿ ಅವಳು ಒಬ್ಬಳೇ, ಆದರೂ ಬಚ್ಚಲ ಚಿಲಕ ಹಾಕದೆ ತಂಬಿಗೆ ಮುಟ್ಟುವುದಿಲ್ಲ. ಅಂಥವಳು ಹೇಗೆ ಮರೆತಳು? ಎರಡು ಚಿಲಕ ಯಾಕೆ ಮೇಡಂ, ಒಂದು ಸಾಕು, ಎಂದಿದ್ದ ಉಪೇಂದ್ರ ನಕ್ಷೆಯ ಸಭೆಯಲ್ಲಿ, ಹೊರಗೇ ಇರಲಿ, ಬೀಗ ಹಾಕಲಿಕ್ಕೆ ಬೇಕು, ಎಂದರು ಮೇಜಿನ ಸುತ್ತಲಿದ್ದ ಗಂಡಸರು, ಎಲ್ಲರೂ ಮನೆ ಎಂದರೆ ಬೀಗ ಹಾಕಿ ಕೆಲಸಕ್ಕೆ ಹೋಗುವ ಜಾಗವೆಂದು ತಿಳಿದವರು, ಅವಳು ಹೌದು ಹೌದು ಎಂದಳು, ಮಧ್ಯಾಹ್ನವಾಗಿತ್ತು, ಹಸಿವಾಗಿತ್ತು. ತನ್ನ ಮೇಲೆಯೇ ಸಿಟ್ಟು ಬಂತು, ಕಿವಿ ಬಿಸಿಯಾಗುವಷ್ಟು.

ಉಪೇಂದ್ರ, ಈ ಚಿಲಕ ಬಿಚ್ಚಿಸಿ ಒಳಗೆ ಹಾಕಿಸಿ. ಈಗಲಾ ಮೇಡಂ? ಮಂತ್ರಿಗಳು ಹೊರಟಾಯ್ತಂತೆ! ಈಗಲೇ. ಮತ್ತೆ ಹೊರಗಿನಿಂದ ಬೀಗ ಹಾಕಲಿಕ್ಕೆ ಆಗುವುದಿಲ್ಲ, ಮಂತ್ರಿಗಳು ಕೊಡುವ ಬೀಗದ ಕೈ ಯಾತಕ್ಕೆ? ಬೀಗ ಹಾಕಿ ಕಾಯುವಂಥದ್ದು ಅವಳ ಹತ್ತಿರ ಎಂತ ಉಂಟು ಮಾರಾಯರೆ, ಇರುವುದು ಆ ಇಬ್ಬರು ಮಕ್ಕಳು. ಉಪೇಂದ್ರ ಅವರತ್ತ ನೋಡಿದ, ಅವನಿಗೂ ಮಗಳಿದ್ದಾಳೆ, ಬಡಗಿಯನ್ನು ಕರೆಯಲು ತಾನೇ ಓಡಿದ. ಚಿಲಕ ಒಳಗೆ ಹೋಯಿತು. ಕೊಚ್ಚುತ್ರೇಸ್ಯ ಅದನ್ನು ಎರಡು ಸಲ ಎಳೆದು ನೋಡಿದಳು, ಮಕ್ಕಳನ್ನು ಒಳಗೆ ಕರೆದಳು, ಗಂಟು ಎತ್ತಿಕೊಂಡಳು, ಒಳಗಿನಿಂದ ಕಟಕ್ ಎಂದಿತು. ಒಂದು ಧನ್ಯವಾದವನ್ನೂ ಹೇಳಲಿಲ್ಲ, ಒಳ್ಳೆಯದೇ ಆಯಿತು.

ಉಳಿದ ಮನೆಗಳಿಗೆ ಒಳಚಿಲಕ ನಾಳೆಯಿಂದ, ವಿಳಿಂಜಮಿನ ನಕ್ಷೆಯಲ್ಲಿ ಮೊದಲಿನಿಂದಲೇ, ಹಯವದನರಾಯರು ಏನಾದರೂ ಅನ್ನಲಿ, ಹೇಳಬೇಕು, ಹೇಗೆ ಹೇಳುವುದು, ಬಚ್ಚಲ ಕಥೆಯನ್ನು ಹೇಳಲಿಕ್ಕಾಗುತ್ತದೆಯೇ — ಅಷ್ಟರಲ್ಲಿ ರಸ್ತೆಯಲ್ಲಿ ಹಾರನ್ನು, ಪೆಂಡಾಲಿನಲ್ಲಿ ಗಡಿಬಿಡಿ, ಫೋಟೋದವನು ಎಲ್ಲಿ ಆ ಹೆಂಗಸು ಎಂದು ಕೂಗುತ್ತಿದ್ದಾನೆ. ಉಪೇಂದ್ರ ಬಾಗಿಲು ತಟ್ಟಿದ, ಕಿಟಕಿಯ ಸಂದಿನಿಂದ ಇಣುಕಿ ಅವಳ ಕಡೆ ತಿರುಗಿದ, ಮೇಡಂ, ಮೂವರೂ ನಿದ್ದೆ. ಮೂವರೂ? ಹೌದು ಮೇಡಂ, ಬರೀ ನೆಲದಲ್ಲಿ, ಗಂಟು ಸಹ ಬಿಚ್ಚಲಿಲ್ಲ, ಬೆಳಿಗ್ಗೆ ಹೇಳುತ್ತಿದ್ದಳು, ಗೋದಾಮಿನ ಜಗಲಿಯಲ್ಲಿ ರಾತ್ರಿಯಿಡೀ ಒಬ್ಬಳಾದರೂ ಎಚ್ಚರ ಇರಬೇಕಿತ್ತಂತೆ. ಜೋರಾಗಿ ತಟ್ಟುವುದಾ? ಮಂತ್ರಿಗಳು ಕಾರಿನಿಂದ ಇಳಿದರು, ಕೈಮುಗಿದರು, ತಟ್ಟೆಯಿಂದ ಮೊದಲ ಬೀಗದ ಕೈ ಎತ್ತಿಕೊಂಡು ಈ ಕಡೆಗೇ ಬರುತ್ತಿದ್ದಾರೆ, ಎದುರು ಹೋಗಬೇಕು, ನಮಸ್ಕಾರ ಹೇಳಬೇಕು, ಏನಾದರೊಂದು ಹೇಳಬೇಕು, ತಟ್ಟಬೇಡಿ, ಎಂದಳು, ಏಳಿಸಬೇಡಿ ಉಪೇಂದ್ರ, ಮಲಗಲಿ, ನಾಳೆ ಹಯವದನರಾಯರು, ವಿಳಿಂಜಂ, ಮಳೆಗಾಲ — ಯಾವುದೂ ಮುಂದಕ್ಕೆ ಹೋಗುವುದಿಲ್ಲ, ಕಣ್ಣು ಬಾಗಿಲನ್ನು ಬಿಟ್ಟು ಬರುವುದಿಲ್ಲ, ಮುಚ್ಚಿದ ಬಾಗಿಲು, ಹಸಿ ಹಸಿರು, ಚಿಲಕ ಇದ್ದಲ್ಲಿ ನಾಲ್ಕು ತೂತು, ಮಂತ್ರಿಗಳ ನೆರಳು ಮೆಟ್ಟಿಲಿಗೆ ಬಂತು, ನಾಲ್ಕು ತೂತು, ನಾಲ್ಕು ತೂತು.