ಗುಡುಗಿನ ರಜೆ

"ಕಾಲು ಕೊಡು ಚಿನ್ನ," ಎಂದು ಗುಡುಗು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಚಪ್ಪಲಿಯ ಪಟ್ಟಿ ಬಿಚ್ಚಿ ಹಿಡಿದಳು.

ಸೂಜಿ ಕಾಲು ಕೊಡಲಿಲ್ಲ. "ನಾನೇ ಹಾಕ್ಕೋತೀನಿ ಬಿಡೇ. ಆಪರೇಷನ್ ಆಗಿದ್ದು ಎದೆಗೆ, ಕಾಲಿಗಲ್ಲ."

"ಸರಿ ಸರಿ, ನಿನ್ನಿಷ್ಟ," ಎಂದು ಗುಡುಗು ಮೆಲ್ಲಗೆ ಎದ್ದಳು.

ಆ 'ನಿನ್ನಿಷ್ಟ' ಕೇಳಿ ಸೂಜಿಗೆ ಹೊರಡುವ ಉತ್ಸಾಹವೇ ಅರ್ಧ ಇಳಿಯಿತು. ಇಬ್ಬರೂ ಮದುವೆಗೆ ಮುಂಚಿನ ಗೆಳತಿಯರು. ಗುಡುಗು ಸಿಟಿ ಬಸ್ಸಿನ ಕಂಡಕ್ಟರ್. ಅವಳು "ಮುಂದೆ ಹೋಗಿ!" ಎಂದು ಕೂಗಿದರೆ ಬಸ್ಸಿನ ಒಳಗಿದ್ದವರಷ್ಟೇ ಅಲ್ಲ, ಫುಟ್‌ಪಾತಿನಲ್ಲಿ ನಿಂತವರೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆಂದು ಡಿಪೋದಲ್ಲಿ ತಮಾಷೆ ಮಾಡುತ್ತಿದ್ದರು. ಆ ಗಂಟಲಿಗೇ ಗೆಳತಿ ಅವಳನ್ನು ಗುಡುಗು ಎಂದು ಕರೆದದ್ದು. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಆ ಗೆಳತಿಗೆ ಸೂಜಿ ಎಂದು ಹೆಸರಿಟ್ಟವಳು ಅವಳು. ಕಸುಬು ಒಂದು ಕಾರಣ, ನಾಲಿಗೆ ಇನ್ನೊಂದು. ಪರದೆಯ ಬಣ್ಣಕ್ಕೆ, ಪಕ್ಕದ ಬೀದಿಯವಳ ಗಂಡನ ವಯಸ್ಸಿಗೆ, ಯಾವುದಕ್ಕೆಂದರೆ ಅದಕ್ಕೆ ಅವರು ಜಗಳವಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಅದೆಲ್ಲ ನಿಂತುಹೋಯಿತು. ಡ್ಯೂಟಿ ಮುಗಿಸಿ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದ ಗುಡುಗು ಪಿಸುಮಾತು ಕಲಿತಳು. ಮನೆಗೆ ಬಂದ ಮೇಲೂ ಅದೇ ಪಿಸುಮಾತು. ಸೂಜಿಯ ಗಂಡ ಪಾತ್ರೆಗಳನ್ನು ಸದ್ದಾಗದಂತೆ ಜೋಡಿಸುತ್ತಿದ್ದ. ಮಗಳು ತನ್ನ ಸಿಟ್ಟು, ಅಳು ಎಲ್ಲವನ್ನೂ ಕೋಣೆಯ ಬಾಗಿಲು ಹಾಕಿಕೊಂಡು ಮುಗಿಸಿ, ನಗುತ್ತ ಹೊರಬರುತ್ತಿದ್ದಳು. ಹೊಲಿಗೆ ಮೆಷಿನ್ನಿಗೆ ಯಾರೋ ಹಳೆಯ ಹೊದಿಕೆ ಹೊದಿಸಿದ್ದರು. ಅದೂ ಮಲಗಿದ ರೋಗಿಯ ಹಾಗೆಯೇ ಕಾಣುತ್ತಿತ್ತು.

ಇನ್ನು ಸ್ವಲ್ಪ ಓಡಾಡಬಹುದೆಂದು ಡಾಕ್ಟರು ಹೇಳಿದ್ದೇ ತಡ, ಗುಡುಗು ರಜೆ ಹಾಕಿ, ಅವಳನ್ನು ಕೆರೆಗೆ ಕರೆದೊಯ್ಯಲು ಬಂದಿದ್ದಳು.

ಬಸ್ಸಿನಲ್ಲಿ ಸೂಜಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪೇಂಟ್ ವಾಸನೆ, ಬ್ರೆಡ್ಡಿನ ವಾಸನೆ, ಯಾರದೋ ಒದ್ದೆ ಬಟ್ಟೆಯ ವಾಸನೆ ಒಂದರ ಹಿಂದೊಂದು ಒಳನುಗ್ಗಿದವು. ಮುಂದಿನ ಸೀಟಿನವನ ಅಂಗಿಯ ಕಾಲರ್ ಸೊಟ್ಟಗಿತ್ತು. ಅದನ್ನು ಅಲ್ಲೇ ಬಿಚ್ಚಿ ಹೊಲಿಯಬೇಕೆಂದು ಅವಳ ಬೆರಳು ತುರಿಸಿದವು. "ನೋಡೇ, ಎಂಥ ದರಿದ್ರ ಹೊಲಿಗೆ," ಎಂದು ಗೆಳತಿಯ ಕಿವಿಯಲ್ಲಿ ಉಸುರಿದಳು.

"ಹೌದು ಚಿನ್ನ," ಎಂದಳು ಗುಡುಗು, ನೋಡದೆಯೇ.

ಕೆರೆಯ ದಂಡೆಯಲ್ಲಿ ಮುದುಕನೊಬ್ಬ ದೋಣಿ ಬಾಡಿಗೆಗೆ ಬಿಡುತ್ತಿದ್ದ. ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹುಟ್ಟು ಹಾಕತೊಡಗಿದ. ನೀರಿನ ತಂಪು ಮುಖಕ್ಕೆ ತಾಗಿದಾಗ ಸೂಜಿಗೆ ತನ್ನ ಮೈ ತನಗೇ ವಾಪಸು ಸಿಕ್ಕಂತಾಯಿತು. ಇನ್ನಷ್ಟು ಬೇಕೆನಿಸಿತು.

"ಅಜ್ಜ, ಹುಟ್ಟು ಒಂದ್ಸಲ ನಂಗೆ ಕೊಡಿ."

ಮುದುಕ ಗುಡುಗಿನ ಮುಖ ನೋಡಿದ. ಗುಡುಗು ಅವನ ಮುಖ ನೋಡಿದಳು. "ಬೇಡ ಕಣೇ... ಆಯ್ತು, ನಿಂಗೆ ಅಷ್ಟು ಆಸೆ ಇದ್ರೆ..."

"ಅಜ್ಜನ ಮುಖ ಯಾಕೆ ನೋಡ್ತೀಯ? ಬೇಡ ಅಂತ ನೆಟ್ಟಗೆ ಹೇಳು!" ಎನ್ನುತ್ತ ಸೂಜಿ ದಡಕ್ಕನೆ ಎದ್ದು ನಿಂತಳು. ದೋಣಿ ಒಂದು ಕಡೆ ವಾಲಿತು.

"ಕೂತ್ಕೊಳೇ ಸೂಜಿ! ತಲೆಯಲ್ಲಿ ಮಿದುಳಿದ್ಯೋ, ಬರೀ ದಾರದುಂಡೆ ಇದ್ಯೋ!"

ಜೊಂಡಿನೊಳಗಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಮೇಲೆದ್ದವು. ಮುದುಕನ ಕೈಯಿಂದ ಹುಟ್ಟು ಜಾರಿತು. ಸೂಜಿ ತಟ್ಟನೆ ಕೂತಳು. ನಗು ಒತ್ತಿಕೊಂಡು ಬಂತು. ನಕ್ಕರೆ ಎದೆಯ ಗಾಯ ಎಳೆಯುತ್ತಿತ್ತು. ಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡೇ ನಕ್ಕಳು.

"ನಗ್ತೀಯಾ? ನಗು!" ಗುಡುಗು ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಳು. "ಆ ಹಾಳು ಆಸ್ಪತ್ರೇಲಿ, ನಾನು ಸ್ವಲ್ಪ ಜೋರಾಗಿ ಉಸಿರು ಬಿಟ್ರೂ ನಿನ್ನ ಉಸಿರು ನಿಂತುಹೋಗುತ್ತೇನೋ ಅಂತ ಜೀವ ಕೈಲಿ ಹಿಡ್ಕೊಂಡು ಕೂತಿರ್ತಿದ್ದೆ. ಗೊತ್ತಾ ನಿಂಗೆ?"

ಸೂಜಿ ನಗು ನಿಲ್ಲಿಸಿದಳು. "ಗೊತ್ತಿರ್ಲಿಲ್ಲ ಕಣೇ," ಎಂದಳು. ಆಮೇಲೆ, "ಇನ್ನೊಂದ್ಸಲ ಬಯ್ಯಿ," ಎಂದಳು.

"ಹೋಗೇ."

ಮುದುಕ ಹುಟ್ಟನ್ನು ನೀರಿನಿಂದ ಎತ್ತಿಕೊಂಡು, "ಜಗಳ ಮುಗೀತೇನ್ರಮ್ಮ? ದಡಕ್ಕೆ ಹೋಗೋಣ್ವಾ?" ಎಂದು ಕೇಳಿದ. ಇಲ್ಲವೆಂದು ಇಬ್ಬರೂ ಒಟ್ಟಿಗೆ ಹೇಳಿದರು.

ಮಧ್ಯಾಹ್ನ ಮರದ ನೆರಳಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ತಿಂದರು. ಯಾರ ಕಿತ್ತಳೆ ಹೆಚ್ಚು ಹುಳಿ ಎಂದು ವಾದಿಸಿದರು. ಸೊಟ್ಟ ಕಾಲರಿನ ಮಾತು ಮತ್ತೆ ಬಂತು. "ನಿಂಗೆ ಬೇರೆಯವರು ಹೊಲಿದಿದ್ದು ಯಾವತ್ತು ಹಿಡಿಸಿದೆ, ಹೇಳು?" ಎಂದು ಗುಡುಗು ಮೂದಲಿಸಿದಳು. ಇದೇ ಮಾತಿಗಾಗಿ ಆಸ್ಪತ್ರೆಯ ಬಿಳಿ ಸೂರು ನೋಡುತ್ತ ಅದೆಷ್ಟು ಹಂಬಲಿಸಿದ್ದೆ ಎಂದು ಹೇಳಹೊರಟ ಸೂಜಿ, ಹೇಳದೆ, ಕಿತ್ತಳೆಯ ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಬಸ್‌ಸ್ಟಾಪಿನ ಬೆಂಚಿನಲ್ಲಿ ಬಂದು ಕೂತರು. ಇನ್ನು ಮನೆ, ಮಾತ್ರೆ, ಮುಚ್ಚಿದ ಬಾಗಿಲಾಚೆಯ ಮಗಳ ಅಳು. ಬಸ್ಸು ತಡವಾಗಿ ಬರಲಿ ಎಂದುಕೊಂಡಳು ಸೂಜಿ. ಗುಡುಗು ಏನೋ ಹೇಳುತ್ತಿದ್ದವಳು ಮಾತಿನ ನಡುವೆಯೇ ತೂಕಡಿಸಿದಳು. ಅವಳ ತಲೆ ವಾಲುತ್ತ ವಾಲುತ್ತ ಬಂದು ಸೂಜಿಯ ಹೆಗಲ ಮೇಲೆ ನಿಂತಿತು. ಒಳ್ಳೇ ಭಾರದ ತಲೆ. ಹೆಗಲು ಮೊದಲು ಜೋಮು ಹಿಡಿಯಿತು, ಆಮೇಲೆ ನೋಯತೊಡಗಿತು.

ಬಸ್ಸು ಬಂತು. ಬಾಗಿಲು ತೆರೆಯಿತು. ಡ್ರೈವರ್ ಕತ್ತು ಬಗ್ಗಿಸಿ, ಬರುತ್ತೀರಾ ಎಂಬಂತೆ ಹುಬ್ಬು ಹಾರಿಸಿದ. ಸೂಜಿ ಅಲುಗಾಡದೆ, ಹೋಗಿ ಎಂದು ಬೆರಳಿನಲ್ಲಷ್ಟೇ ಸನ್ನೆ ಮಾಡಿದಳು.