ಗಿರಿಜಾಂಬಾಳ ಎರಡು ಠ

ಮಂಡಿ ಮೊಹಲ್ಲಾದ ಪುಟ್ಟ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಪ್ರಭುಸ್ವಾಮಿಗೆ ಒಂದು ಹುಚ್ಚಿತ್ತು, ಸೀಸದ ಅಕ್ಷರಗಳಿಂದ ಚಿತ್ರ ಮಾಡುವ ಹುಚ್ಚು. ಗುಂಗುರು ಕೂದಲು ಬೇಕೆ? ಸಾಲಾಗಿ ಣ. ತುಟಿಗೆ ಮಲಗಿಸಿದ ೩. ಕಣ್ಣಿಗಂತೂ ಠ ಬಿಟ್ಟರೆ ಬೇರೆ ಅಕ್ಷರವೇ ಇಲ್ಲ. ದುಂಡಗೆ, ನಡುವೆ ಪಾಪೆ. ಹಳೆಯ ದಪ್ಪ ಮೊಳೆಗಳು ಉಂಡು ಕೂತ ಯಜಮಾನಿಯರ ಹಾಗೆ, ಹೊಸ ಸಣ್ಣ ಮೊಳೆಗಳು ಜ್ವರದಿಂದ ಎದ್ದವರ ಹಾಗೆ ಎನ್ನುತ್ತಿದ್ದ.

ಹೆಂಡತಿ ಗಿರಿಜಾಂಬಾ ಮಗಳ ಹೆರಿಗೆಯಲ್ಲೇ ತೀರಿಕೊಂಡು ಏಳು ವರ್ಷ. ಅವಳದೊಂದು ಫೋಟೋ ಕೂಡ ಇರಲಿಲ್ಲ. "ಅಮ್ಮ ಎಂಗಿದ್ರು ಅಪ್ಪಾಜಿ?" ಎಂದು ಮಗಳು ಶಾರದ ಕೇಳುತ್ತಲೇ ಇದ್ದಳು. ಈ ಕೂಸಿಗೆ ಅದರ ತಾಯಿಯ ಮುಖ ಕೊಟ್ಟೇ ತೀರುತ್ತೇನೆಂದು ಹಟ ಹಿಡಿದ. ಐವತ್ತೇಳನೇ ಇಸವಿಯ ಆಷಾಢದಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ ಸಣ್ಣ ಮೊಳೆಗಳನ್ನೇ ಆರಿಸಿ ಗಿರಿಜಾಳನ್ನು ಜೋಡಿಸಿದ. ಗಲ್ಲದ ಮಚ್ಚೆಗೆ ಒಂದು ಚುಕ್ಕಿ ಇಟ್ಟ. ಅಚ್ಚು ತೆಗೆದು ಮನೆಗೆ ಒಯ್ದ.

"ಮಚ್ಚೆ ಈ ಕಡೆ ಅಲ್ಲ ಅಪ್ಪಾಜಿ, ಆ ಕಡೆ," ಎಂದಳು ಶಾರದ.

ಅಯ್ಯೋ ಅವನ ಬುದ್ಧಿಯೇ! ಮೊಳೆಯಲ್ಲಿ ಎಡಗಡೆ ಇದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಇಪ್ಪತ್ತು ವರ್ಷ ಅಕ್ಷರಗಳನ್ನು ತಿರುಗಾಮುರುಗಾ ಓದಿದವನು ಹೆಂಡತಿಯ ವಿಷಯದಲ್ಲಿ ಎಡವಿದ್ದ. ನಕ್ಕ. ಆಮೇಲೆ ನಗು ನಿಂತಿತು. ಮಗುವಿಗೆ ಇದನ್ನು ಹೇಳಿದ್ದು ಯಾರು? ಮನೆ ನೋಡಿಕೊಳ್ಳುತ್ತಿದ್ದ ಅಕ್ಕ ಮಂಜುಳಮ್ಮನನ್ನು ಕೇಳಿದರೆ, "ಮಚ್ಚೆ ಇದ್ದದ್ದೇ ನಂಗೆ ಮರ್ತೋಗ್ಯದೆ ಕಣಪ್ಪ," ಎಂದಳು.

"ನೀವು ಚಿತ್ರ ಮಾಡಕ್ಕೆ ಶುರು ಮಾಡಿದ್ಮೇಲೆ ಅಮ್ಮ ಬರ್ತಾರಲ್ಲ. ಮಧ್ಯಾಹ್ನ ನಂಗೆ ತಲೆ ಬಾಚ್ತಾರೆ," ಎಂದಳು ಶಾರದ.

ಅವನು ಹೆದರಿ ಮನೆಯ ಮೂಲೆ ಮೂಲೆ ನೋಡಿದ. ಆದರೂ ಆಸೆ ಬಿಡಬೇಕಲ್ಲ! ಮಗಳು ಹೇಳಿದಂತೆ ಮಚ್ಚೆ ಬದಲಿಸಿದ, ಮೂಗು ಸಣ್ಣದು ಮಾಡಿದ. ತಾನೇ ಮರೆತಿದ್ದ ಮುಖ ಕಾಗದದ ಮೇಲೆ ಬಂದಾಗ ಬಿಕ್ಕಿ ಬಿಕ್ಕಿ ಅತ್ತ. ಆ ಹಾಳೆಯನ್ನು ಮನೆಯ ಗೋಡೆಗೆ ಅಂಟಿಸಿದ, ಜೋಡಿಸಿದ ಮೊಳೆಗಳನ್ನು ಬಿಚ್ಚದೆ ಪ್ರೆಸ್ಸಿನ ಮೇಜಿನ ಮೇಲೇ ಇಟ್ಟುಕೊಂಡ. ಅಂದಿನಿಂದ ಪ್ರೆಸ್ಸಿನಲ್ಲಿ ಅವನು ಯಾವ ಮೂಲೆಗೆ ಹೋದರೂ ಮೇಜಿನ ಮೇಲಿನ ಆ ಎರಡು ಠ ಅವನನ್ನೇ ನೋಡುತ್ತಿದ್ದವು.

ದಸರಾ ಬಂತು. ಆಯುಧಪೂಜೆಯ ದಿನ ಒಂದು ಮೊಳೆಯೂ ಪೆಟ್ಟಿಗೆಯಲ್ಲಿನ ತನ್ನ ಮನೆ ಬಿಟ್ಟು ಹೊರಗಿರಬಾರದು ಎನ್ನುವುದು ಆ ಪ್ರೆಸ್ಸಿನ ಕಟ್ಟಳೆ.

"ಅದನ್ನೂ ಬಿಚ್ಚಾಕು ಕಣಯ್ಯ," ಎಂದರು ಮಾಲೀಕ ಮಹದೇವಪ್ಪ.

"ಇದೊಂದು ಇರ್ಲಿ ಬುಡಿ ಬುದ್ಧಿ," ಎಂದು ಎಷ್ಟು ಗೋಗರೆದರೂ ಕೇಳಲಿಲ್ಲ. ಹೋಗಲಿ, ಮಗಳ ಗೋಡೆಯ ಮೇಲೆ ಹಾಳೆ ಇದೆಯಲ್ಲ ಎಂದು ಸಮಾಧಾನ ತಂದುಕೊಂಡ. ಗಿರಿಜಾ ನೋಡುತ್ತಿರುವಾಗ ಬಿಚ್ಚಲು ಕೈ ಏಳಲಿಲ್ಲ. ಅದಕ್ಕೇ ಮೊದಲು ಎರಡು ಠ ಕಿತ್ತು ಅವುಗಳ ಮನೆಗೆ ಹಾಕಿದ. ಉಳಿದದ್ದು ಊಟದ ಮೇಲೆ ಎಂದು ಮನೆಗೆ ಹೊರಟ.

ಶಾರದ ಬಾಗಿಲ ಸಂದಿಯಲ್ಲಿ ಮುದುಡಿ ಕೂತಿದ್ದಳು. "ಅಪ್ಪಾಜಿ, ಅಮ್ಮ ಬಂದವ್ರೆ. ಗೋಡೆ ತಡವ್ತಾ ಅವ್ರೆ. ನಾನು ಎಲ್ಲಿದ್ದೀನಿ ಅಂತ ಕೇಳ್ತಾ ಅವ್ರೆ. ಎದುರಿಗೇ ಇದ್ರೂ ಕಾಣ್ತಿಲ್ವಂತೆ."

ಗೋಡೆಯ ಹಾಳೆಯಲ್ಲಿ ಕಣ್ಣಿದ್ದ ಎರಡೂ ಜಾಗ ಬೆಳ್ಳಗಿದ್ದವು.

ಬರಿಗಾಲಲ್ಲೇ ಪ್ರೆಸ್ಸಿಗೆ ಓಡಿದ. ಠ ಇದ್ದ ಮನೆಯನ್ನು ಮೇಜಿನ ಮೇಲೆ ಸುರುವಿದ. ಯಾರೂ ಹೆಚ್ಚು ಬಳಸದ ಅಕ್ಷರ, ತುಂಬಿ ತುಳುಕುತ್ತಿತ್ತು. ನೂರಾರು ಠ, ಎಲ್ಲವೂ ಒಂದೇ ಎರಕದವು, ಎಲ್ಲವೂ ಅವನನ್ನೇ ನೋಡುತ್ತಿದ್ದವು.

"ಗಿರಿಜಾ, ನಿನ್ನವು ಯಾವ್ವೇ?" ಎಂದು ಒಂದೊಂದನ್ನೇ ಎತ್ತಿ ಕೇಳುತ್ತಾ ಕೂತ.