ಅತ್ತೆಯ ಮೂರು ಹೊಲಿಗೆ

ಸಂಘ ಗಿಂಘ ಎಲ್ಲ ಕೆಲಸ ಬಾರದವರಿಗೆ ಎನ್ನುವುದು ನಮ್ಮತ್ತೆಯ ಹಳೆಯ ರಾಗ. ಹಾಗೆನ್ನಬಹುದಾದವರೇ ಬಿಡಿ. ಬೂಟು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದ ಹೊಲಿಗೆ ಅವರದು. ಬೂಟಿನ ಮೂತಿಯ ತಿರುವು ಬಂದಾಗ ಪೆಡಲಿನಿಂದ ಕಾಲು ತೆಗೆದು, ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲೇ ತಿರುಗಿಸಿ ಮೂರು ಹೊಲಿಗೆ ಹಾಕುತ್ತಾರೆ. ಅಲ್ಲಿ ಚರ್ಮ ಸುಕ್ಕಾಗುವುದೇ ಇಲ್ಲ. ಅದೇ ಕಾರ್ಖಾನೆಯಲ್ಲಿ ಬೂಟಿನ ಅಡಿಗೆ ಅಟ್ಟೆ ಅಂಟಿಸುವ ನಾನು ಕಾರ್ಮಿಕ ಸಂಘದ ಸದಸ್ಯೆ. ಮನೆಯಲ್ಲಿ ನಮ್ಮಿಬ್ಬರಿಗೂ ಇದೇ ಜಟಾಪಟಿ.

ಹೋದ ತಿಂಗಳು ಹೊಲಿಗೆ ವಿಭಾಗ ಮುಚ್ಚುತ್ತಾರೆ, ಇನ್ನು ಹೊಲಿಗೆಯೆಲ್ಲ ಚೀನಾದ ಕಾರ್ಖಾನೆಯಲ್ಲಂತೆ ಎಂಬ ಸುದ್ದಿ ಹಬ್ಬಿತು. ಅಲ್ಲಿ ದುಡಿಯುವ ನಲವತ್ತು ಹೆಂಗಸರ ಕೆಲಸಕ್ಕೇ ಕುತ್ತು. ಆದರೆ ಅಲ್ಲಿಂದ ಬಂದ ಮಾದರಿ ಬೂಟುಗಳಿಗೆಲ್ಲ ಮೂತಿಯಲ್ಲಿ ಸುಕ್ಕು. ಮ್ಯಾನೇಜರು ಅತ್ತೆಯೊಬ್ಬರನ್ನೇ ಕೋಣೆಗೆ ಕರೆದು, ನಿಮ್ಮ ಹೊಲಿಗೆಯನ್ನು ವಿಡಿಯೊ ಮಾಡಿ ಅಲ್ಲಿಗೆ ಕಳಿಸುತ್ತೇವೆ, ನಿಮ್ಮ ಕೆಲಸಕ್ಕೇನೂ ತೊಂದರೆಯಿಲ್ಲ ಎಂದರಂತೆ. ಅತ್ತೆ ಉಬ್ಬಿಹೋಗಿ ಮನೆಗೆ ಬಂದು, ಮರುದಿನಕ್ಕೆಂದು ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕತೊಡಗಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಕೆಲಸ ಇರತ್ತೆ ಅಂತ ಬರೆದುಕೊಟ್ಟಿದಾರಾ ಅತ್ತೆ? ಅವರಿಗೂ ಆ ಹೊಲಿಗೆ ಬಂದ್ಮೇಲೆ ನಿಮ್ಮನ್ನ ಯಾಕೆ ಇಟ್ಕೋತಾರೆ?" ಎಂದೆ.

"ಹಾಗಾದ್ರೆ ಆ ಚೀನಾದವರೇ ನಮ್ಮ ಅನ್ನಕ್ಕೆ ಕಲ್ಲು ಹಾಕ್ತಿರೋದು" ಎಂದರು.

ಅಲ್ಲಿ ಹೊಲಿಯುವವರೂ ನಮ್ಮಂತೆ ಬೆನ್ನು ಬಗ್ಗಿಸಿ ದುಡಿಯುವವರೇ, ತೀರ್ಮಾನ ಮಾಡುವವರು ಬೇರೆ, ಅವರೊಡನೆ ಮಾತಾಡಲು ಒಬ್ಬರ ದನಿ ಸಾಲದು, ಅದಕ್ಕೇ ಸಂಘ ಎಂದು ಬಿಡಿಸಿ ಹೇಳಿದೆ. ಅತ್ತೆ ಇಸ್ತ್ರಿ ಮುಗಿಸಿ ಬಟ್ಟೆ ಮಡಚಿಟ್ಟರು.

ಮರುದಿನ ಕ್ಯಾಮೆರಾ ಸಿದ್ಧವಾಗಿತ್ತು. ಅತ್ತೆ ಯಂತ್ರದ ಮುಂದೆ ಕೂತರು, ಕೈ ಮಾತ್ರ ಮಡಿಲಲ್ಲೇ ಇತ್ತು.

"ಕಲಿಸ್ತೀನಿ ಸಾರ್, ನಂಗೇನೂ ಹೊಟ್ಟೆಕಿಚ್ಚಿಲ್ಲ. ಆದ್ರೆ ಮೊದಲು ಸಂಘದವರನ್ನ ಕೂರಿಸ್ಕೊಂಡು ಒಪ್ಪಂದ ಬರೀರಿ. ನಲವತ್ತು ಜನರಲ್ಲಿ ಒಬ್ಬರನ್ನೂ ತೆಗೆಯಲ್ಲ ಅಂತ."

ಅವರ ಹಿಂದಿನ ಸಾಲುಗಳ ಯಂತ್ರಗಳೂ ಒಂದೊಂದಾಗಿ ನಿಂತವು.

ಮಾತುಕತೆ ಮೂರು ದಿನ ನಡೆಯಿತು. ಸಾದಾ ಬೂಟಿನ ಹೊಲಿಗೆ ಚೀನಾಕ್ಕೆ ಹೋಯಿತು, ಸುಳ್ಳೇಕೆ ಹೇಳಲಿ. ದುಬಾರಿ ಬೂಟಿನದು ಇಲ್ಲೇ ಉಳಿಯಿತು. ನಲವತ್ತು ಜನರೂ ಉಳಿದರು. ಒಪ್ಪಂದಕ್ಕೆ ಸಂಘದ ಪರವಾಗಿ ಸಹಿ ಹಾಕಿದವರಲ್ಲಿ ಅತ್ತೆಯೂ ಒಬ್ಬರು. ಮಾತುಕತೆಯ ನಡುವೆಯೇ ಸಂಘ ಸೇರಿದ್ದರು, ಸದಸ್ಯೆಯಾಗಿ ಎರಡು ದಿನವೂ ಆಗಿರಲಿಲ್ಲ. ಸಹಿಯಾದ ಮೇಲೆ ಕ್ಯಾಮೆರಾ ಮುಂದೆ ಆ ಮೂರು ಹೊಲಿಗೆಯನ್ನೂ ಹಾಕಿ ತೋರಿಸಿದರು. ಅವರು ನಮ್ಮತ್ತೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಹೆಮ್ಮೆಯನ್ನು ಯಾಕೆ ಮುಚ್ಚಿಡಲಿ?

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮೊಬ್ಬರನ್ನೇ ಕೋಣೆಗೆ ಕರೆದು ಬಾಯಿಮಾತಿನ ಭರವಸೆ ಕೊಟ್ಟರೆ ತಲೆಯಾಡಿಸಿ ಬರಬೇಡಿ. ಬರವಣಿಗೆಯಲ್ಲಿ ಕೇಳಿ, ಸಂಘದವರನ್ನೂ ಕರೆಸಿ ಅನ್ನಿ. ಇನ್ನೂ ಸಂಘಕ್ಕೆ ಸೇರಿಲ್ಲವೇ? ಇವತ್ತೇ ಸೇರಿ. ಕೆಲಸ ಕಲಿತದ್ದು ನೀವು, ಅದರ ಪರವಾಗಿ ಮಾತಾಡಬೇಕಾದವರೂ ನೀವೇ.